ನೆಲ ತಿದ್ದುವ ಗೊರಸು

ವೈದ್ಯನಾಥಪುರದ ಹೊಳೆದಂಡೆಯಿಂದ ಹೊರಟ ಕುದುರೆಯೊಂದು ಮದ್ದೂರಿನ ಡಾಂಬರು ರಸ್ತೆ ಸೇರುವಷ್ಟರಲ್ಲಿ ಅದರ ಕಾಲಿಗೆ ಹಲವು ಬಗೆಯ ನೆಲ ಸಿಗುತ್ತದೆ. ಶಿಂಷಾ ನದಿಯ ಮರಳು ಮೊದಲು. ಆಮೇಲೆ ಗದ್ದೆ ಬದುವಿನ ಜಿಗುಟು ಮಣ್ಣು. ಸ್ವಲ್ಪ ಎತ್ತರಕ್ಕೆ ಬಂದರೆ ಸಣ್ಣ ಬೆಣಚುಕಲ್ಲು ಬೆರೆತ ಗರಸು ನೆಲ. ಕೊನೆಗೆ ಬಿಸಿಲಿಗೆ ಕಾದ ಟಾರು. ಕುದುರೆಯ ಗೊರಸಿನ ಆರೋಗ್ಯ ಈ ನೆಲಗಳಲ್ಲಿ ಯಾವುದರ ಮೇಲೆ ಅದು ಎಷ್ಟು ಹೊತ್ತು ನಿಂತಿತ್ತು, ಎಷ್ಟು ದೂರ ನಡೆಯಿತು ಎಂಬುದನ್ನು ಅವಲಂಬಿಸಿದೆ. ಚಾಕು, ಅರ, ಲಾಳ ಎಲ್ಲವೂ ಅದಾದ ಮೇಲಿನ ಮಾತು.

ಚರ್ಮರೋಗ ವಾಸಿಯಾಗಲೆಂದು ಹರಕೆ ಹೊತ್ತು ಜನ ಬರುವ ವೈದ್ಯನಾಥೇಶ್ವರನ ಊರಿನಲ್ಲಿ ಗೊರಸಿನ ವಿಷಯ ಎತ್ತುವುದು ಅಸಂಗತವಲ್ಲ. ಗೊರಸು ಕೂಡ ಚರ್ಮವೇ. ನಮ್ಮ ಮೈಯ ಹೊರಪದರದಲ್ಲಿ, ಕೂದಲಿನಲ್ಲಿ, ಉಗುರಿನಲ್ಲಿ ಇರುವ ಕೆರಾಟಿನ್ ಎಂಬ ಪ್ರೋಟೀನೇ ಅಲ್ಲಿಯೂ ಇದೆ. ಕಾಲಿನ ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ, ಕೆಳಕ್ಕೆ ಸರಿಯುತ್ತ ಗಡುಸಾಗುತ್ತವೆ, ನೆಲ ಮುಟ್ಟುವ ಹೊತ್ತಿಗೆ ಪೂರ್ತಿ ಸತ್ತಿರುತ್ತವೆ. ಬೆಳವಣಿಗೆ ತಿಂಗಳಿಗೆ 6ರಿಂದ 10 ಮಿಲಿಮೀಟರ್. ಮುಂತುದಿಯಲ್ಲಿ ಮೇಲಿನ ಅಂಚಿನಿಂದ ನೆಲದವರೆಗೆ ಇಳಿಯಲು 9ರಿಂದ 12 ತಿಂಗಳು ಬೇಕು; ಹಿಮ್ಮಡಿ ಗಿಡ್ಡವಾದ್ದರಿಂದ ಅಲ್ಲಿ 4ರಿಂದ 6 ತಿಂಗಳು ಸಾಕು. ಹಾಗಾಗಿ ಇವತ್ತು ನೆಲಕ್ಕೆ ತಾಗುತ್ತಿರುವ ಮುಂಗೊರಸು ಕಳೆದ ವರ್ಷದ ಮೇವಿನಿಂದ, ಕಳೆದ ವರ್ಷದ ಆರೋಗ್ಯದಿಂದ ಹುಟ್ಟಿದ್ದು. ಬೇಸಿಗೆಯಲ್ಲಿ ಜ್ವರ ಬಂದಿದ್ದರೆ ಅದರ ಗೆರೆಯೊಂದು ಗೊರಸಿನ ಗೋಡೆಯ ಮೇಲೆ ಅಡ್ಡಡ್ಡಲಾಗಿ ಮೂಡಿ, ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿರುತ್ತದೆ. ತಿಳಿದವರು ಗೊರಸು ನೋಡಿಯೇ ಹಿಂದಿನ ವರ್ಷದ ಕಥೆ ಹೇಳುತ್ತಾರೆ.

ಕುದುರೆ ನಿಂತಿರುವುದು ಪ್ರತಿ ಕಾಲಿನ ಮಧ್ಯದ ಒಂದೇ ಬೆರಳಿನ ತುದಿಯ ಮೇಲೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಕ್ಯಾಂಬೆಥೀರಿಯಂ ಎಂಬ ಪ್ರಾಣಿಯ ಪಳೆಯುಳಿಕೆ ಸಿಕ್ಕಿದೆ. ಸುಮಾರು 5.4 ಕೋಟಿ ವರ್ಷ ಹಿಂದೆ ಬದುಕಿದ್ದ ಅದು ಕುದುರೆ, ಘೇಂಡಾಮೃಗಗಳ ಮೂಲ ವಂಶಕ್ಕೆ ಹತ್ತಿರದ ಸಂಬಂಧಿ. ಅದರ ಕಾಲಿಗೆ ಹಲವು ಬೆರಳುಗಳಿದ್ದವು. ಕಾಡಿನ ಮೆತ್ತನೆಯ ನೆಲ ಬಿಟ್ಟು ಬಯಲಿಗೆ ಬಂದ ವಂಶದಲ್ಲಿ ಪಕ್ಕದ ಬೆರಳುಗಳು ಕುಗ್ಗುತ್ತ ಹೋಗಿ, ಮಧ್ಯದ ಬೆರಳೊಂದೇ ಭಾರವೆಲ್ಲ ಹೊತ್ತಿತು. ಇವತ್ತಿನ ಕುದುರೆಯ 400–500 ಕಿಲೋ ತೂಕದಲ್ಲಿ ಹೆಚ್ಚು ಪಾಲು, ಸುಮಾರು ನೂರಕ್ಕೆ 60, ಮುಂಗಾಲುಗಳದು.

ಇಷ್ಟು ಭಾರ ಹೊತ್ತ ಮೂಳೆ ಗೊರಸಿನೊಳಗೆ ನೇತಾಡುತ್ತಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಒಳಗಿನ ಮೂಳೆ ತನ್ನ ಭಾರವನ್ನು ಅಂಗಾಲಿನ ಮೇಲೆ ಪೂರ್ತಿ ಹೇರುವುದಿಲ್ಲ. ಗೋಡೆಯ ಒಳಮೈಯಲ್ಲಿ 550ರಿಂದ 600 ತೆಳು ಹಾಳೆಗಳಿವೆ. ಮೂಳೆಯ ಕಡೆಯಿಂದ ಬಂದ ಜೀವಂತ ಹಾಳೆಗಳು ಎರಡು ಪುಸ್ತಕಗಳ ಪುಟಗಳನ್ನು ಒಂದರೊಳಗೊಂದು ಹೆಣೆದ ರೀತಿ ಇವುಗಳ ನಡುವೆ ಸೇರಿಕೊಂಡಿರುತ್ತವೆ. ಪ್ರತಿ ಹಾಳೆಯಲ್ಲಿ ಮತ್ತೆ ನೂರಾರು ಮರಿಹಾಳೆಗಳು. ಈ ಬೆಸುಗೆಯ ಕೆಳತುದಿ ಅಂಗಾಲಿನ ಕಡೆಯಿಂದ ನೋಡಿದರೆ ಗೋಡೆಗೂ ಅಂಗಾಲಿಗೂ ನಡುವೆ ತೆಳು ಹಳದಿಬಿಳಿ ಗೆರೆಯಾಗಿ ಕಾಣುತ್ತದೆ. ಅದಕ್ಕೆ ಬಿಳಿಗೆರೆ ಎನ್ನೋಣ. ಬಿಳಿಗೆರೆ ಬಿಗಿಯಾಗಿದ್ದರೆ ಒಳಗೆ ಬೆಸುಗೆ ಬಿಗಿಯಾಗಿದೆ. ಅಗಲವಾಗಿ, ಮಣ್ಣು ತುಂಬಿಕೊಂಡು, ಕಪ್ಪಾಗಿದ್ದರೆ ಒಳಗೆ ಏನೋ ಎಳೆಯುತ್ತಿದೆ, ಹರಿಯುತ್ತಿದೆ ಎಂದು ತಿಳಿಯಬೇಕು.

ಅಂಗಾಲಿನ ಹಿಂಭಾಗದಲ್ಲಿ ರಬ್ಬರಿನಷ್ಟು ಮೆತ್ತನೆಯ ಒಂದು ತ್ರಿಕೋನವಿದೆ. ಕುದುರೆ ಬಲ್ಲವರು ಅದನ್ನು ಫ್ರಾಗ್ ಎನ್ನುತ್ತಾರೆ. ಹೆಜ್ಜೆ ಊರಿದಾಗ ಹಿಮ್ಮಡಿ ಅಗಲವಾಗುತ್ತದೆ, ಫ್ರಾಗ್ ನೆಲಕ್ಕೆ ಒತ್ತುತ್ತದೆ, ಅದರ ಮೇಲಿನ ನಾರುಮೆತ್ತೆ ಅದುಮಿಕೊಳ್ಳುತ್ತದೆ. ಹೆಜ್ಜೆ ಎತ್ತಿದಾಗ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಒಳಗಿನ ರಕ್ತದ ಓಡಾಟಕ್ಕೂ ಆಘಾತ ತಣಿಯುವುದಕ್ಕೂ ಈ ಅರಳುವಿಕೆ ನೆರವಾಗುತ್ತದೆ ಎಂಬುದನ್ನು ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಬೌಕರ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಬರಿಗಾಲಿನ ಕುದುರೆಯ ಪರ ಮಾತಾಡುವವರ ಮುಖ್ಯ ಆಧಾರ ಇದೇ. ಲಾಳದ ಕಬ್ಬಿಣ ಗೋಡೆಯ ಅಂಚನ್ನು ಹಿಡಿದುಕೊಳ್ಳುತ್ತದೆ, ಫ್ರಾಗನ್ನು ನೆಲದಿಂದ ಮೇಲೆತ್ತುತ್ತದೆ, ಹಿಮ್ಮಡಿ ಅರಳುವುದು ಕಡಿಮೆಯಾಗುತ್ತದೆ.

ಹಾಗಾದರೆ ಲಾಳವೇ ತಪ್ಪೇ? ಮಂಡ್ಯದ ರೈತನನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ, ಕುದುರೆಯ ಬಗ್ಗೆ ಅಲ್ಲದಿದ್ದರೂ ಎತ್ತಿನ ಬಗ್ಗೆ. ಹಳ್ಳಿಕಾರ್ ತಳಿಯ ಜೋಡಿ ಗದ್ದೆಯ ಕೆಸರಲ್ಲಿ ಉಳುವುದಾದರೆ ಯಾರೂ ಲಾಳ ಕಟ್ಟಿಸುವುದಿಲ್ಲ. ಕಬ್ಬು ತುಂಬಿದ ಗಾಡಿ ಎಳೆದುಕೊಂಡು ಕಾರ್ಖಾನೆಗೆ ಟಾರು ರಸ್ತೆ ಹಿಡಿಯುವುದಾದರೆ ಕಟ್ಟಿಸಲೇಬೇಕು. ಮಂಡ್ಯದಲ್ಲಿ ಮೈಶುಗರ್ ಕಾರ್ಖಾನೆ 1930ರ ದಶಕದಲ್ಲಿ ಶುರುವಾದ ಮೇಲೆ ಈ ಸೀಮೆಯ ಎತ್ತುಗಳ ಕಾಲು ಕಂಡ ಕಲ್ಲುರಸ್ತೆಗೆ ಲೆಕ್ಕವಿಲ್ಲ. ಸೀಳುಗೊರಸಿನ ಎತ್ತಿಗೆ ಒಂದೊಂದು ಕಾಲಿಗೆ ಎರಡು ತೆಳು ತಗಡಿನ ಲಾಳ. ಹಗ್ಗ ಬಿಗಿದು ಎತ್ತನ್ನು ಕೆಡವಿ, ಕಾಲು ಕಟ್ಟಿ ಮೊಳೆ ಹೊಡೆಯುತ್ತಾರೆ. ಸವೆತ ಬೆಳವಣಿಗೆಯನ್ನು ಮೀರಿದರೆ ಲಾಳ, ಮೀರದಿದ್ದರೆ ಬರಿಗಾಲು ಎಂಬ ಈ ಲೆಕ್ಕಾಚಾರದಲ್ಲಿ ಪಂಥವೂ ಇಲ್ಲ, ವಾದವೂ ಇಲ್ಲ. ಕುದುರೆಗೂ ನಾನು ಒಪ್ಪುವುದು ಇದನ್ನೇ.

ಕುದುರೆಯಲ್ಲಿ ತೊಂದರೆ ಸಾಮಾನ್ಯವಾಗಿ ಉಲ್ಟಾ. ಮದುವೆ ಮೆರವಣಿಗೆಗೆಂದು ಸಾಕಿದ ಕುದುರೆಯ ವಿಷಯ ತೆಗೆದುಕೊಳ್ಳಿ. ಲಗ್ನದ ಕಾಲದಲ್ಲಿ ರಾತ್ರಿ ಒಂದೆರಡು ಗಂಟೆ ಬ್ಯಾಂಡಿನ ಹಿಂದೆ ಹೆಜ್ಜೆ ಹಾಕುತ್ತದೆ, ಉಳಿದ ದಿನ ಗೂಟಕ್ಕೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಡೆಯರಿಲ್ಲದೆ ತಿರುಗುವ ಕುದುರೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಬ್ರಯಾನ್ ಹ್ಯಾಂಪ್ಸನ್, ಕ್ರಿಸ್ ಪೊಲ್ಲಿಟ್ ಮತ್ತು ಸಂಗಡಿಗರು ಅಳೆದಾಗ, ಅವು ದಿನಕ್ಕೆ ಸರಾಸರಿ 15 ಕಿಲೋಮೀಟರಿಗೂ ಹೆಚ್ಚು ನಡೆಯುತ್ತಿದ್ದವು. ಗೂಟದ ಸುತ್ತ ತಿರುಗುವ ಕುದುರೆ ಎಷ್ಟು ನಡೆದೀತು? ಅದರ ಗೊರಸು ಬೆಳೆಯುತ್ತದೆ, ಸವೆಯುವುದಿಲ್ಲ. ಮುಂತುದಿ ಚಾಚಿಕೊಳ್ಳುತ್ತದೆ, ಹಿಮ್ಮಡಿ ಒಳಕ್ಕೆ ಮಡಚಿ ಮುಂದಕ್ಕೆ ಜಾರುತ್ತದೆ, ಪ್ರತಿ ಹೆಜ್ಜೆಗೂ ಉದ್ದನೆಯ ತುದಿ ಸನ್ನೆಗೋಲಾಗಿ ಬಿಳಿಗೆರೆಯನ್ನು ಕೀಳುತ್ತದೆ. ಗೊರಸು ತಿದ್ದುವುದೆಂದರೆ ನಡೆಯದೆ ಉಳಿದ ಆ ದೂರದ ಸವೆತವನ್ನು ಕೈಯಿಂದ ಮಾಡಿಕೊಡುವುದು.

ಅದೇ ಆಸ್ಟ್ರೇಲಿಯಾದ ಅಧ್ಯಯನಗಳು ಇನ್ನೊಂದು ವಿಷಯವನ್ನೂ ಹೇಳಿದವು. ಕಾಡುಕುದುರೆಯ ಗೊರಸು ನಿರ್ದೋಷ, ಅದನ್ನು ನಕಲು ಮಾಡಿದರೆ ಸಾಕು ಎಂಬ ನಂಬಿಕೆ ಬರಿಗಾಲು ಪ್ರಿಯರಲ್ಲಿ 1990ರ ದಶಕದಿಂದ ಬೇರೂರಿತ್ತು. ಅಮೆರಿಕದ ಮಸ್ಟಾಂಗ್ ಕುದುರೆಗಳನ್ನು ಗಮನಿಸಿ ಜೇಮಿ ಜಾಕ್ಸನ್ ಬರೆದ ಪುಸ್ತಕ ಬಂದದ್ದು 1992ರಲ್ಲಿ. ಹ್ಯಾಂಪ್ಸನ್ ತಂಡ ನೋಡಿದಾಗ ಕಾಡುಕುದುರೆಗಳಲ್ಲೂ ರೋಗದ ಗುರುತುಗಳಿದ್ದ ಗೊರಸು ಬೇಕಾದಷ್ಟು ಸಿಕ್ಕವು. ಕಲ್ಲುನೆಲದ ಕುದುರೆಗೆ ಒಂದು ಆಕಾರ, ಮರಳಿನ ಕುದುರೆಗೆ ಇನ್ನೊಂದು. ಎಲ್ಲ ಕುದುರೆಗೂ ಒಂದೇ ಮಾದರಿ ಎಂಬುದು ಇಲ್ಲ. ಮದ್ದೂರಿನ ಕುದುರೆಯನ್ನು ಮದ್ದೂರಿನ ನೆಲಕ್ಕೆ ತಕ್ಕಂತೆ ತಿದ್ದಬೇಕು.

ಈ ನೆಲದ ದೊಡ್ಡ ಗುಣ, ದೊಡ್ಡ ತೊಡಕು, ಎರಡೂ ನೀರು. ಮಂಡ್ಯ ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್, ಹೆಚ್ಚೇನಲ್ಲ. ಆದರೆ ನಾಲೆ ಬಂದ ಮೇಲೆ ತಗ್ಗಿನ ನೆಲಕ್ಕೆ ಒಣಗುವ ಬಿಡುವು ಕಡಿಮೆ. ಅತ್ತ ಮಾರ್ಚ್ ಬಿಸಿಲಿನಲ್ಲಿ ಎತ್ತರದ ಕೆಮ್ಮಣ್ಣು ಕಾದು ಬಿರಿಯುತ್ತದೆ. ಗೊರಸಿನ ಕೆರಾಟಿನ್ ನೀರಿಗೆ ಎಷ್ಟು ಸೋಲುತ್ತದೆ ಎಂಬುದನ್ನು ಕೆನಡಾದಲ್ಲಿ ಬರ್ಟ್ರಮ್ ಮತ್ತು ಗೋಸ್ಲಿನ್ ಎಂಬ ಇಬ್ಬರು 1987ರಲ್ಲಿ ಅಳೆದು ಪ್ರಕಟಿಸಿದರು. ಪೂರ್ತಿ ಒಣಗಿಸಿದ ಗೊರಸಿನ ತುಣುಕಿನ ಬಿಗುಪು 14.6 ಗಿಗಾಪಾಸ್ಕಲ್, ನೀರು ಕುಡಿದು ತಣಿದ ತುಣುಕಿನದು 0.41 ಮಾತ್ರ, ಅಂದರೆ ಸುಮಾರು ಮೂವತ್ತೈದರಲ್ಲೊಂದು ಪಾಲು. ಹಾಗೆಂದು ಒಣಗಿದಷ್ಟೂ ಒಳ್ಳೆಯದೇ? ಅದೂ ಅಲ್ಲ. ಸೀಳು ಬಿಡದೆ ತಡೆಯುವ ಶಕ್ತಿ ಅತಿ ಹೆಚ್ಚು ಇದ್ದದ್ದು ನಡುವಿನ ಹದದಲ್ಲಿ, ನೂರಕ್ಕೆ 75ರಷ್ಟು ಆರ್ದ್ರತೆಯಲ್ಲಿ. ತೀರಾ ಒಣಗಿದರೆ ಸೀಳುತ್ತದೆ, ತೀರಾ ನೆನೆದರೆ ಮಣಿಯುತ್ತದೆ.

ನೆನೆದ ಗೊರಸಿಗೆ ಬರುವ ಕಾಯಿಲೆಯನ್ನು ಮೊದಲು ಹಿಡಿಯುವುದು ಮೂಗು. ಸಗಣಿ, ಗಂಜಲ ಬೆರೆತ ಕೆಸರಲ್ಲಿ ಕುದುರೆ ನಿಂತೇ ಇದ್ದರೆ ಫ್ರಾಗಿನ ಪಕ್ಕದ ಸಂದುಗಳಿಗೆ ಗಾಳಿ ಆಡುವುದಿಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅಲ್ಲಿ ಕೆರಾಟಿನ್ ಕರಗಿಸುತ್ತವೆ. ಕಪ್ಪು ಲೋಳೆ, ತಡೆಯಲಾಗದ ದುರ್ವಾಸನೆ. ಇದು ಥ್ರಷ್. ಫ್ರಾಗಿನ ನಟ್ಟನಡುವಿನ ತಗ್ಗು ಬೆರಳು ಇಳಿಯುವಷ್ಟು ಆಳದ ಸೀಳಾಗಿದ್ದರೆ ಕುದುರೆಗೆ ಹಿಮ್ಮಡಿ ಊರಲಾಗದಷ್ಟು ನೋವಿರುತ್ತದೆ. ಆಗ ಅದು ಮುಂತುದಿ ಮೊದಲು ಊರಿ ನಡೆಯುತ್ತದೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವವರಿದ್ದಾರೆ, ಮೈಲುತುತ್ತ ತುಂಬುವವರಿದ್ದಾರೆ. ಮೊದಲಿನದು ಕೊಳೆಯನ್ನು ಒಳಗೇ ಮುಚ್ಚಿಡುತ್ತದೆ, ಎರಡನೆಯದು ಹಸಿ ಮಾಂಸ ಸುಡುತ್ತದೆ. ದಿನಾ ಕೆರೆದು ತೊಳೆದು ಒರೆಸಿ, ತೆಳುವಾದ ಅಯೋಡಿನ್ ದ್ರಾವಣ ಹಚ್ಚಿ, ಎಲ್ಲಕ್ಕಿಂತ ಮುಖ್ಯವಾಗಿ ಕುದುರೆಯನ್ನು ಒಣನೆಲಕ್ಕೆ ಕಟ್ಟಿದರೆ ಹೆಚ್ಚಿನವು ಗುಣವಾಗುತ್ತವೆ.

ಕಬ್ಬಿನ ಸೀಮೆಗೆ ಇನ್ನೊಂದು ಅಪಾಯ ಇದೆ. ಪ್ರೀತಿಯಿಂದ ಬರುವ ಅಪಾಯವಾದ್ದರಿಂದ ಅದನ್ನು ಹೇಳಲು ಮನಸ್ಸಿಗೆ ಕಷ್ಟವಾಗುತ್ತದೆ. ಆಲೆಮನೆಯ ಪಕ್ಕ ಬೆಳೆದವರಿಗೆ ಕುದುರೆ ಕಂಡರೆ ಒಂದು ಉಂಡೆ ಬೆಲ್ಲ ಕೊಡುವುದು ಸಹಜ. ಕಬ್ಬಿನ ತುಂಡು, ಸೋಗೆ, ಅಕ್ಕಿ ತೌಡು ಎಲ್ಲವೂ ಸುಲಭಕ್ಕೆ ಸಿಗುತ್ತವೆ. ನಡೆಯದೆ ಮೈ ಬಂದ ಕುದುರೆಗೆ ಸಕ್ಕರೆ ಹೆಚ್ಚಾದರೆ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ. 2007ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಜ್ಞಾನಿಗಳು ಆರೋಗ್ಯವಂತ ತಟ್ಟುಗಳಲ್ಲಿ ಇನ್ಸುಲಿನ್ ಮಟ್ಟವನ್ನು ಕೃತಕವಾಗಿ ಏರಿಸಿ ಹಿಡಿದಾಗ ಗೊರಸಿನೊಳಗಿನ ಹಾಳೆಗಳ ಬೆಸುಗೆ ಸಡಿಲವಾಗಿ ಲ್ಯಾಮಿನೈಟಿಸ್ ಕಾಣಿಸಿಕೊಂಡಿತು. ತೀವ್ರವಾದರೆ ಮೂಳೆ ಗೋಡೆಯಿಂದ ಬಿಟ್ಟುಕೊಂಡು ಅಂಗಾಲಿನ ಕಡೆಗೆ ತಿರುಗುತ್ತದೆ. ಗೊರಸು ಮುಟ್ಟಿದರೆ ಬಿಸಿ, ಮುಂಗಾಲು ಚಾಚಿ ಹಿಂದಕ್ಕೆ ವಾಲಿ ನಿಲ್ಲುವ ಭಂಗಿ, ಹೆಜ್ಜೆ ಎತ್ತಲು ಹಿಂಜರಿಕೆ. ಇಷ್ಟು ಕಂಡರೆ ಆ ಗಳಿಗೆಯಲ್ಲೇ ಪಶುವೈದ್ಯರಿಗೆ ಹೇಳಿಕಳಿಸಬೇಕು, ಅರ ಹಿಡಿಯಬಾರದು. ಹಳೆಯ ಲ್ಯಾಮಿನೈಟಿಸ್ ಗೋಡೆಯ ಮೇಲೆ ಗುರುತು ಬಿಟ್ಟಿರುತ್ತದೆ: ಮುಂಭಾಗದಲ್ಲಿ ಒತ್ತಾಗಿ, ಹಿಮ್ಮಡಿಯ ಕಡೆ ಅಗಲವಾಗುವ ಉಂಗುರಗಳು. ತೌಡು ಅತಿಯಾದರೆ ಅದರ ರಂಜಕ ಸುಣ್ಣದ ಅಂಶವನ್ನು ಕೆಡಿಸಿ ಮೂಳೆಯನ್ನೇ ಟೊಳ್ಳು ಮಾಡುತ್ತದೆ. ಒಣಹುಲ್ಲು ಹೆಚ್ಚು, ಹುರುಳಿ ಹಿತಮಿತ, ಬೆಲ್ಲ ಬೇಡ.

ಇನ್ನು ತಿದ್ದುವ ಕೆಲಸ. ಕುದುರೆಯನ್ನು ಸಮತಟ್ಟು ಗಟ್ಟಿ ನೆಲದ ಮೇಲೆ ನಿಲ್ಲಿಸಿ ನೋಡಿ, ಆಮೇಲೆ ನಡೆಸಿ ನೋಡಬೇಕು. ಗೊರಸಿನ ಮುಂಗೋಡೆಯ ಓರೆಯೂ ಅದರ ಮೇಲಿನ ಗಿಣ್ಣಿನ ಓರೆಯೂ ಒಂದೇ ಗೆರೆಯಲ್ಲಿರಬೇಕು; ಆ ಗೆರೆ ಎಲ್ಲಿ ಮುರಿಯುತ್ತದೋ ಅಲ್ಲಿ ಕೆಲಸವಿದೆ. ಕಾಲೆತ್ತಿ ಹಿಮ್ಮಡಿಯಿಂದ ತುದಿಯ ಕಡೆಗೆ ಮಣ್ಣು ಕೆರೆಯಬೇಕು. ತುದಿ ಬಾಗಿದ ಚಾಕುವಿನಿಂದ ಮೆಲ್ಲಗೆ ಉಜ್ಜಿದರೆ ಅಂಗಾಲಿನ ಸತ್ತ ಪದರ ಸುಣ್ಣದ ಪುಡಿಯಾಗಿ ಉದುರುತ್ತದೆ. ಪುಡಿ ನಿಂತು, ಮೇಣದ ಹೊಳಪಿನ ಗಟ್ಟಿ ಮೈ ಕಂಡೊಡನೆ ಚಾಕು ನಿಲ್ಲಬೇಕು. ಅದು ಜೀವಂತ ಅಂಗಾಲು. ಗೋಡೆಯ ಎತ್ತರಕ್ಕೆ ಅದೇ ಅಳತೆ. ಗೋಡೆಯನ್ನು ಇಕ್ಕಳದಿಂದ ಕತ್ತರಿಸಿ ಅರದಿಂದ ತೇದು ಆ ಅಂಗಾಲಿಗಿಂತ ಒಂದೆರಡು ಮಿಲಿಮೀಟರ್ ಎತ್ತರ ಬಿಡಬೇಕು, ಅದಕ್ಕಿಂತ ಕೆಳಗೆ ಹೋಗಬಾರದು. ಎಡಬಲ ಸಮವಾಗಿದೆಯೇ ಎಂದು ಹಿಮ್ಮಡಿಯ ಕಡೆಯಿಂದ ಕಣ್ಣಳತೆ ಹಿಡಿಯಬೇಕು. ಕೊನೆಗೆ ಹೊರ ಅಂಚನ್ನು ಸುತ್ತಲೂ ಓರೆಯಾಗಿ ತೇದು ದುಂಡಗೆ ಮಾಡಬೇಕು. ಬರಿಗಾಲಿನ ತಿದ್ದುವಿಕೆಯ ಜೀವಾಳ ಈ ದುಂಡು ಅಂಚು. ಚೂಪು ಅಂಚು ಕಲ್ಲಿಗೆ ತಾಗಿ ಸಿಡಿಯುತ್ತದೆ, ದುಂಡಂಚು ಉರುಳಿ ಹೋಗುತ್ತದೆ. ಫ್ರಾಗಿನಲ್ಲಿ ಜೋತ ಚೂರುಗಳನ್ನು ತೆಗೆದರೆ ಸಾಕು, ಅಂದಕ್ಕಾಗಿ ಕೆತ್ತಬಾರದು. ಹೊರಗೋಡೆಯನ್ನು ಮೇಲಿಂದ ಕೆಳಕ್ಕೆ ತೇದು ನುಣುಪು ಮಾಡುವುದೂ ಬೇಡ, ಒಳಗಿನ ತೇವ ಹಿಡಿದಿಡುವ ಪದರ ಅದು.

ಆರರಿಂದ ಎಂಟು ವಾರಕ್ಕೊಮ್ಮೆ ಇಷ್ಟು. ಮೂರು ತಿಂಗಳು ಬಿಟ್ಟು ಒಂದೇ ಸಲ ಮುಕ್ಕಾಲು ಅಂಗುಲ ತೆಗೆಯುವುದಕ್ಕಿಂತ, ತಿಂಗಳಿಗೊಮ್ಮೆ ಅರದ ನಾಲ್ಕು ಎಳೆತ ಮೇಲು. ಮರಿಗಳಲ್ಲಂತೂ ಹೊತ್ತು ಮೀರಬಾರದು. ಶಿಂಷೆಯ ಮೇಲುಹರಿವಿನ ಕುಣಿಗಲ್ ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ಬೆಳೆಸುವ ಫಾರಂ ಇದೆ. ಇಂತಹ ತಳಿ ಫಾರಂಗಳಲ್ಲಿ ಮರಿಗಳ ಗೊರಸನ್ನು ಎರಡು ತಿಂಗಳೊಳಗೇ ತಿದ್ದಲು ಶುರುಮಾಡುವುದು ವಾಡಿಕೆ. ಗೊರಸಿನ ಮೇಲಿನ ಕೀಲಿನ ಮೂಳೆ ಬೆಳೆಯುವ ಭರಾಟೆ ಮೊದಲ ಮೂರು ತಿಂಗಳಲ್ಲಿ ಬಹುತೇಕ ಮುಗಿಯುತ್ತದೆ. ಕಾಲಿನ ಸೊಟ್ಟ ತಿದ್ದಲು ಆಮೇಲೆ ಅರಕ್ಕೆ ಅಷ್ಟು ಶಕ್ತಿ ಉಳಿಯುವುದಿಲ್ಲ.

ಲಾಳ ತೆಗೆಸಿ ಬರಿಗಾಲಿಗೆ ಬಿಡುವವರಿಗೆ ಅವಸರ ಕೂಡದು. ಮೊಳೆ ತೂತಿನ ಗೋಡೆ ಪೂರ್ತಿ ಇಳಿದು ಹೋಗಲು ತಿಂಗಳುಗಳು ಬೇಕು, ಅಂಗಾಲು ದಪ್ಪವಾಗಲೂ ಬೇಕು. ಮೊದಮೊದಲು ಗರಸಿನ ಮೇಲೆ ಕುದುರೆ ಅಳುಕುತ್ತದೆ. ಆ ಅಳುಕು ನೋವಿನ ಮಾತು, ಮೊಂಡುತನವಲ್ಲ. ಮೊದಲ ವಾರಗಳಲ್ಲಿ ಮಣ್ಣು ಹಾದಿ, ಮೆಲ್ಲಗೆ ಗಟ್ಟಿ ರಸ್ತೆ, ಕೊನೆಗೆ ಕಲ್ಲು. ಕಬ್ಬು ಕಡಿದ ಹೊಲಕ್ಕೆ ಮಾತ್ರ ಬಿಡಬಾರದು. ಓರೆಯಾಗಿ ಕತ್ತರಿಸಿದ ಕೂಳೆ ಅಂಗಾಲನ್ನು ಚುಚ್ಚಿ ಒಳಗೆ ಕೀವು ಕಟ್ಟಿಸುತ್ತದೆ, ಜೊತೆಗೆ ಧನುರ್ವಾಯು. ಕುದುರೆಯಷ್ಟು ಧನುರ್ವಾಯುವಿಗೆ ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ, ಲಸಿಕೆ ತಪ್ಪಿಸಬಾರದು.

ನೆಲ ಸಿದ್ಧಪಡಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ, ಮೊಳೆ ಹೊಡೆದ ಲಾಳ ಇನ್ನೂ ಬಳಕೆಗೆ ಬರದ ಕಾಲದಲ್ಲಿ, ಲಾಯದ ಮುಂದೆ ದುಂಡುಕಲ್ಲು ಹಾಸಿ ಅದರ ಮೇಲೆ ಕುದುರೆ ನಿಲ್ಲಿಸಿದರೆ ಗೊರಸು ಗಟ್ಟಿಯಾಗುತ್ತದೆ ಎಂದು ಸಲಹೆ ಕೊಟ್ಟಿದ್ದ. ಅದು ಇವತ್ತಿಗೂ ಸರಿ. ಕೊಟ್ಟಿಗೆಯ ನೆಲ ನೀರು ಹರಿದು ಹೋಗುವಂತೆ ಒಂದು ಕಡೆ ಇಳಿಜಾರು. ನೀರಿನ ತೊಟ್ಟಿಯ ಮುಂದೆ, ಕುದುರೆ ದಿನಕ್ಕೆ ಹತ್ತಾರು ಸಲ ಬಂದು ನಿಲ್ಲುವ ಜಾಗದಲ್ಲಿ, ಗೇಣಾಳ ಅಗೆದು ಬೆರಳ ಗಾತ್ರದ ಉರುಟು ಕಲ್ಲು. ಮೇವನ್ನು ತೊಟ್ಟಿಯಿಂದ ಆದಷ್ಟು ದೂರ ಇಟ್ಟರೆ ಕುದುರೆ ತಾನೇ ನಡೆದಾಡುತ್ತದೆ. ಸೀಳೊಡೆದ ಜಲ್ಲಿ ಬೇಡ, ಅದರ ಚೂಪು ಅಂಗಾಲನ್ನು ಜಜ್ಜುತ್ತದೆ.

ಕೈಗಳ ಕೊರತೆ ಮಾತ್ರ ನಿಜವಾದ ಚಿಂತೆ. 13ನೇ ಶತಮಾನದ ಕೊನೆಯಲ್ಲಿ ತಮಿಳುನಾಡಿನ ಕರಾವಳಿ ಕಂಡ ಮಾರ್ಕೊ ಪೋಲೊ, ಅರಬ್ ಕಡೆಯಿಂದ ಸಾವಿರಾರು ಕುದುರೆ ಬಂದಿಳಿದರೂ ಲಾಳ ಕಟ್ಟುವವರು, ಕುದುರೆ ನೋಡಿಕೊಳ್ಳಬಲ್ಲವರು ಇಲ್ಲದೆ ಅವು ಸಾಯುತ್ತವೆ, ಮಾರಾಟ ಕುಂದೀತೆಂದು ವ್ಯಾಪಾರಿಗಳೇ ಅಂಥವರನ್ನು ಬರಗೊಡುವುದಿಲ್ಲ ಎಂದು ಬರೆದಿದ್ದಾನೆ. ಇವತ್ತು ಬೆಂಗಳೂರಿನ ರೇಸ್ ಕುದುರೆಗೆ, ಮೈಸೂರಿನ ಪೊಲೀಸ್ ಅಶ್ವದಳಕ್ಕೆ ತರಬೇತಾದ ಕೈಗಳಿವೆ. ಹಳ್ಳಿಯ ಕುದುರೆಗೆ ಸಿಗುವುದು ಎತ್ತಿಗೆ ಲಾಳ ಕಟ್ಟುವವರು. ಟ್ರ್ಯಾಕ್ಟರ್ ಬಂದ ಮೇಲೆ ಅವರೂ ಕಡಿಮೆ. ಅವರ ಕೈಯಲ್ಲಿ ಅರ ಆಗಲೇ ಪಳಗಿದೆ, ಪ್ರಾಣಿಯ ಹೆದರಿಕೆ ಅವರಿಗೆ ಗೊತ್ತು, ಗೋಡೆಯ ಗಟ್ಟಿತನ ಬೆರಳಿಗೆ ಗೊತ್ತು. ಎತ್ತಿನ ಲಾಳ ಕೂರಿಸಲು ತಳವನ್ನು ಸಪಾಟು ಮಾಡಿ ರೂಢಿಯಾದವರು ಕುದುರೆಯ ಬಟ್ಟಲು ಅಂಗಾಲನ್ನು ಮುಟ್ಟದೆ ಬಿಡುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಹೆಬ್ಬಾಳದಲ್ಲಿ, ಹಾಸನದಲ್ಲಿ ಪಶುವೈದ್ಯ ಕಾಲೇಜುಗಳಿವೆ. ಮಂಡ್ಯ ಸೀಮೆಯ ಲಾಳ ಕಟ್ಟುವವರನ್ನು ಅಲ್ಲಿಗೆ ಕರೆಸಿ, ಕೆಲವು ಗೊರಸುಗಳನ್ನು ಅವರ ಕೈಯಲ್ಲೇ ತಿದ್ದಿಸಿ ಕಳಿಸುವಂತಾದರೆ ಈ ಕೊರತೆ ತುಂಬಲು ಹೊರಗಿನವರ ದಾರಿ ಕಾಯಬೇಕಿಲ್ಲ.